ಕುದುರೆ ಒಂದು, ಪಾಲುದಾರರು ಹಲವರು

ಓದುಗರೆ, ನಮ್ಮ ದಿನಬಳಕೆಯ ಮೂರು ಮಾತುಗಳನ್ನು ಮೊದಲು ನಿಮ್ಮ ಮುಂದಿಡುತ್ತೇನೆ: ಆಸಾಮಿ, ಚಂದಾ, ಸರಂಜಾಮು. ‘ಅವನು ಗಟ್ಟಿ ಆಸಾಮಿ’ ಎನ್ನುತ್ತೇವೆ. ಪತ್ರಿಕೆಗೆ ಚಂದಾ ಕಟ್ಟುತ್ತೇವೆ. ಮದುವೆಗೆ ಬೇಕಾದ ಸರಂಜಾಮು ಹೊಂದಿಸುತ್ತೇವೆ. ಈ ಮೂರೂ ಮಾತುಗಳು ಒಂದು ಕಾಲದಲ್ಲಿ ಕುದುರೆಯ ಲಾಯವನ್ನು ಹಾದುಬಂದವು ಎಂದರೆ ನಿಮಗೆ ಆಶ್ಚರ್ಯವಾದೀತು. ರೋಣ, ನರಗುಂದ, ಗಜೇಂದ್ರಗಡಗಳ ಚರಿತ್ರೆಯನ್ನು ಓದುವಾಗ ಈ ಮಾತುಗಳ ಹಳೆಯ ಅರ್ಥವನ್ನು ಅರಿತಿದ್ದರೆ, ಕೋಟೆಕೊತ್ತಲಗಳ ಕಥೆಯ ಹಿಂದೆ ಇನ್ನೊಂದು ಕಥೆ ಕಾಣುತ್ತದೆ. ಅದು ಕುದುರೆ ಯಾರದು, ಏರುವವನು ಯಾರು, ಸತ್ತರೆ ನಷ್ಟ ಯಾರಿಗೆ ಎಂಬ ಲೆಕ್ಕದ ಕಥೆ.

ಇಂದು ಬೆಂಗಳೂರು, ಮೈಸೂರುಗಳ ಪಂದ್ಯದ ಮೈದಾನದಲ್ಲಿ ಓಡುವ ಕುದುರೆಗಳಲ್ಲಿ ಹಲವಕ್ಕೆ ಒಬ್ಬನೇ ಒಡೆಯನಿರುವುದಿಲ್ಲ. ನಾಲ್ಕಾರು ಮಂದಿ ಸೇರಿ ಒಂದು ಕುದುರೆಯನ್ನು ಕೊಂಡು, ಕ್ಲಬ್ಬಿನ ದಫ್ತರದಲ್ಲಿ ತಮ್ಮ ತಮ್ಮ ಪಾಲನ್ನು ಬರೆಯಿಸುತ್ತಾರೆ. ಇದಕ್ಕೆ ಸಿಂಡಿಕೇಟು ಎಂದು ಹೆಸರು. ಹೆಸರು ಹೊಸದು, ಪಾಲಿನ ವಿಚಾರ ಮಾತ್ರ ಹೊಸದಲ್ಲ. ನಮ್ಮ ಎರೆನಾಡಿನಲ್ಲಿ ಒಂದೊಂದೇ ಎತ್ತುಳ್ಳ ಇಬ್ಬರು ಒಕ್ಕಲಿಗರು ಎತ್ತುಗಳನ್ನು ಕೂಡಿಸಿ ಹೂಡುವುದಿಲ್ಲವೆ? ಒಬ್ಬನ ಎಮ್ಮೆಯನ್ನು ಇನ್ನೊಬ್ಬನು ಪಾಲಿಗೆ ಸಾಕುವುದಿಲ್ಲವೆ? ಬೆಲೆಯುಳ್ಳ ಪ್ರಾಣಿ ಒಬ್ಬನ ಕೈಗೆ ಎಟುಕದಾಗ ಮನುಷ್ಯನು ಪಾಲಿಗೆ ಇಳಿಯುವುದು ಸಹಜ. ಕುದುರೆಯಾದರೋ ಎತ್ತು ಎಮ್ಮೆಗಳಿಗಿಂತ ಬಹಳ ದುಬಾರಿಯ ಪ್ರಾಣಿ. ಎತ್ತು ಹೊಲ ಉತ್ತು ತನ್ನ ಮೇವನ್ನು ತಾನೇ ದುಡಿಯುತ್ತದೆ. ಕುದುರೆಗೆ ನಿತ್ಯವೂ ಹುರುಳಿ ಬೇಯಿಸಬೇಕು, ಹುಲ್ಲು ಬೇಕು, ಮಾಲೀಸಿಗೆ ಆಳು ಬೇಕು, ಲಾಳ ಕಟ್ಟಲು ಬಲ್ಲವನು ಬೇಕು. ಇಷ್ಟೆಲ್ಲ ಮಾಡಿದರೂ ಒಂದು ರಾತ್ರಿಯ ಹೊಟ್ಟೆಶೂಲೆಯಲ್ಲಿ ಅದು ಸತ್ತುಹೋಗಬಹುದು.

ಈ ಭಯವನ್ನು ಅರಸರೂ ಬಲ್ಲರು. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿಯುತ್ತಿದ್ದವು. ದಾರಿಯಲ್ಲಿ ಎಷ್ಟೋ ಸಾಯುತ್ತಿದ್ದವು. ಸಾಳುವ ನರಸಿಂಹನು ಸತ್ತ ಕುದುರೆಗೂ ಬದುಕಿದ ಕುದುರೆಗೂ ಬೆಲೆ ಕೊಡುತ್ತಿದ್ದನೆಂದೂ, ಸತ್ತದ್ದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತೆಂದೂ ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ತುಗೀಸ್ ನೂನಿಜನು ಬರೆದಿಟ್ಟಿದ್ದಾನೆ. ಕೇಳಲು ವಿಚಿತ್ರವೆನಿಸಿದರೂ ಇದರಲ್ಲಿ ಅರಸನ ಜಾಣತನವಿದೆ. ಸಮುದ್ರದ ನಷ್ಟವನ್ನು ವರ್ತಕನೊಬ್ಬನ ತಲೆಗೇ ಕಟ್ಟಿದರೆ ಅವನು ಮತ್ತೆ ಹಡಗು ತರುವುದಿಲ್ಲ. ನಷ್ಟದಲ್ಲಿ ಅರಸನು ಪಾಲು ಹೊತ್ತದ್ದರಿಂದಲೇ ಲಾಯಕ್ಕೆ ಕುದುರೆಗಳು ಬಂದು ತುಂಬಿದವು.

ಇನ್ನು ಮರಾಠರ ಕಾಲಕ್ಕೆ ಬರೋಣ. ಅವರ ಸೈನ್ಯದಲ್ಲಿ ಎರಡು ಬಗೆಯ ಸವಾರರಿದ್ದರು. ಸ್ವಂತ ಕುದುರೆ, ಸ್ವಂತ ಆಯುಧಗಳೊಡನೆ ಬಂದು ಸೇರುವವನು ಶಿಲೇದಾರ. ‘ಸಿಲಾಹ್’ ಎಂದರೆ ಅರಬ್ಬಿಯಲ್ಲಿ ಆಯುಧ; ಆಯುಧವುಳ್ಳವನು ಶಿಲೇದಾರ. ಬೇರೆಯವರ ಕುದುರೆಯನ್ನೇರಿ ಕೂಲಿಗೆ ಕಾದುವವನು ಬಾರಗೀರ. ಸರಕಾರದ್ದೇ ಆದ ಕುದುರೆಗಳ ಲಾಯಕ್ಕೆ ಪಾಗಾ ಎಂದು ಹೆಸರು. ಶಿವಾಜಿ ಮಹಾರಾಜರು ಪಾಗಾದ ಬಾರಗೀರರನ್ನೇ ಹೆಚ್ಚಾಗಿ ನೆಚ್ಚಿದ್ದರು. ಇಪ್ಪತ್ತೈದು ಬಾರಗೀರರಿಗೆ ಒಬ್ಬ ಹವಾಲದಾರ, ಅವರಿಗೊಬ್ಬ ನೀರು ಹೊರುವವನು, ಲಾಳ ಹೊಡೆಯುವವನೊಬ್ಬ, ಹೀಗೆ ವ್ಯವಸ್ಥೆಯಿತ್ತು. ಕಾಲಾನಂತರದಲ್ಲಿ ರಾಜ್ಯ ಹರಡಿದಂತೆ, ಅಷ್ಟು ಕುದುರೆಗಳನ್ನು ಬೊಕ್ಕಸದಿಂದ ಸಾಕುವುದಾಗದೆ ಶಿಲೇದಾರರ ಸಂಖ್ಯೆ ಬೆಳೆಯಿತು. ಶಿಲೇದಾರ, ಬಾರಗೀರ ಎಂಬ ಮನೆತನದ ಹೆಸರುಗಳು ಇಂದಿಗೂ ಉಳಿದಿವೆ. ಅಂಥವರ ಪರಿಚಯ ನಿಮಗಿದ್ದರೆ ಆ ಹೆಸರಿನೊಳಗೊಂದು ಕುದುರೆ ನಿಂತಿರುವುದನ್ನು ನೆನೆಯಿರಿ.

ಸೈನ್ಯವನ್ನು ಸಾಕಲೆಂದು ಸರದಾರರಿಗೆ ಬಿಟ್ಟುಕೊಟ್ಟ ಭೂಮಿಯ ಉತ್ಪನ್ನವೇ ಸರಂಜಾಮು. ಇಷ್ಟು ಹಳ್ಳಿಗಳ ಕಂದಾಯ ನಿನ್ನದು, ಕರೆದಾಗ ಇಷ್ಟು ಸವಾರರನ್ನು ತರಬೇಕು ಎಂಬುದು ಅದರ ಕರಾರು. ಎರೆಹೊಲದಲ್ಲಿ ಒಕ್ಕಲಿಗನು ಬೆಳೆದ ಜೋಳದ ಒಂದು ಪಾಲು ಹೀಗೆ ಕುದುರೆಯ ಹೊಟ್ಟೆಗೆ ಸೇರುತ್ತಿತ್ತು. ಅವನ ಹೆಸರು ಯಾವ ದಫ್ತರದಲ್ಲಿಯೂ ಪಾಲುದಾರನೆಂದು ಬರೆದಿರಲಿಲ್ಲ. ಖರ್ಚಿನ ಪಾಲು ಮಾತ್ರ ಅವನದಾಗಿತ್ತು.

ಈ ನಾಡು ಅಂಥ ಕುದುರೆಗಳ ಗೊರಸಿನಡಿ ಎಷ್ಟು ಸಲ ಸಿಕ್ಕಿತೆಂಬುದನ್ನು ನೋಡಿ. ಗಜೇಂದ್ರಗಡವು ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿತ್ತು, ನರಗುಂದವು ಭಾವೆಯವರದು. ನರಗುಂದದ ವೆಂಕಟರಾಯ ಭಾವೆಯಿಂದ ಟಿಪ್ಪು ಸುಲ್ತಾನನು ಹೆಚ್ಚಿನ ಕಪ್ಪವನ್ನು ಕೇಳಿದ್ದರಿಂದ ತಂಟೆ ಹುಟ್ಟಿ, ೧೭೮೫ರಲ್ಲಿ ಮೈಸೂರಿನ ಸೈನ್ಯ ನರಗುಂದವನ್ನು ಹಿಡಿಯಿತು. ವೆಂಕಟರಾಯನನ್ನು ಕಬ್ಬಾಳದುರ್ಗದ ಸೆರೆಗೆ ಕಳಿಸಿದರು. ಮರುವರ್ಷ ಮರಾಠರೂ ನಿಜಾಮನ ಸೈನ್ಯವೂ ಕೂಡಿ ಬಂದು ಬಾದಾಮಿಯನ್ನು ಗೆದ್ದವು. ಅದರ ಹಿಂದೆಯೇ ಗಜೇಂದ್ರಗಡವೂ ಮರಾಠರ ಕೈಸೇರಿತು. ೧೭೮೭ರ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ಬಂತು. ಅದರಂತೆ ಬಾದಾಮಿ, ಕಿತ್ತೂರು, ನರಗುಂದ, ಗಜೇಂದ್ರಗಡಗಳು ಮರಾಠರ ಪಾಲಾದವು.

ಈ ಯುದ್ಧಗಳಲ್ಲಿ ಶಿಲೇದಾರನ ಮನಸ್ಸು ಹೇಗಿದ್ದೀತು? ಅವನ ಆಸ್ತಿಯೆಲ್ಲ ಅವನ ತೊಡೆಯ ಕೆಳಗಿತ್ತು. ಕುದುರೆ ಉಳಿದರೆ ಸಂಬಳ ಉಂಟು. ಕುದುರೆ ಬಿದ್ದರೆ ಶಿಲೇದಾರನು ಅಂದೇ ಬಾರಗೀರನಾದ, ಇಲ್ಲವೆ ಕಾಲಾಳಾದ. ಆದುದರಿಂದ ಇಂಥ ಸವಾರರು ಹಿಂಬಾಲಿಸುವುದರಲ್ಲಿ, ಸುಲಿಯುವುದರಲ್ಲಿ, ಶತ್ರುವಿನ ದವಸ ತಡೆಯುವುದರಲ್ಲಿ ನಿಸ್ಸೀಮರಾದರೂ ತೋಪಿನ ಬಾಯಿಗೆ ನುಗ್ಗಲು ಹಿಂದೆಗೆಯುತ್ತಿದ್ದರು. ಅವರನ್ನು ಹೇಡಿಗಳೆಂದು ಕರೆಯುವುದು ಸುಲಭ. ಆದರೆ ಸಾಲ ಮಾಡಿ ಕುದುರೆ ಕೊಂಡವನ ಲೆಕ್ಕವನ್ನು ಅರಿತರೆ ಆ ಮಾತು ನಾಲಗೆಗೆ ಬಾರದು. ಗೆಲುವಿನ ಕೀರ್ತಿ ಸರದಾರನಿಗೆ, ರಾಜ್ಯ ಪೇಶ್ವೆಗೆ. ಸತ್ತ ಕುದುರೆ ಮಾತ್ರ ಶಿಲೇದಾರನಿಗೆ ಎಂದರೆ ಯಾರು ತಾನೆ ಮುನ್ನುಗ್ಗಿಯಾರು?

ಇಂಗ್ಲಿಷರು ಇದೇ ಪದ್ಧತಿಯನ್ನು ಎತ್ತಿಕೊಂಡರು. ಅವರಿಗೆ ಇದು ಅಗ್ಗದ ದಾರಿಯಾಗಿತ್ತು. ಕುದುರೆ, ಜೀನು, ಬಟ್ಟೆಬರೆ ಎಲ್ಲವೂ ಸವಾರನವು. ಸರಕಾರ ಕೊಡುವುದು ತಿಂಗಳ ಸಂಬಳ ಮಾತ್ರ. ಒಂದು ಕುದುರೆಯ ಸ್ಥಾನಕ್ಕೆ ದಳದ ದಫ್ತರದಲ್ಲಿ ಒಂದು ‘ಆಸಾಮಿ’ ಎಂದು ಹೆಸರು. ಆ ಪದದ ಮೂಲಾರ್ಥ ‘ಹೆಸರುಗಳು’ ಎಂದೇ. ಸೇರುವವನು ಆಸಾಮಿಯ ಹಣವನ್ನು ತುಂಬಬೇಕು. ಬಿಡುವಾಗ ಅದು ಮರಳುತ್ತದೆ. ಮೊದಮೊದಲು ಆಸಾಮಿಗಳನ್ನು ಕೊಳ್ಳುವುದೂ ಮಾರುವುದೂ ನಡೆದಿತ್ತು. ಹಣವುಳ್ಳವನೊಬ್ಬನು ಹಲವು ಆಸಾಮಿಗಳನ್ನು ಹಿಡಿದು, ಬಾರಗೀರರನ್ನು ಏರಿಸಿ, ಸರಕಾರದಿಂದ ಬಂದ ಸಂಬಳದಲ್ಲಿ ಅವರಿಗಿಷ್ಟು ಕೊಟ್ಟು ಉಳಿದುದನ್ನು ತಾನಿಟ್ಟುಕೊಳ್ಳುತ್ತಿದ್ದನು. ಮುಂದೆ ಇದಕ್ಕೆ ಮಿತಿ ಹಾಕಿದರು. ಕುದುರೆ ಸತ್ತಾಗ ಸವಾರನು ಬೀದಿಗೆ ಬೀಳಬಾರದೆಂದು ದಳದವರೆಲ್ಲ ತಿಂಗಳು ತಿಂಗಳು ಕೂಡಿಸುವ ನಿಧಿಯೊಂದಿತ್ತು. ಅದೇ ಚಂದಾ. ನೂರಾರು ಜನರ ಸಣ್ಣ ಚಂದಾದಿಂದ ಒಬ್ಬನಿಗೆ ಹೊಸ ಕುದುರೆ. ಇದು ಲಾಭದ ಪಾಲಲ್ಲ, ನಷ್ಟದ ಪಾಲು ಎಂಬುದನ್ನು ಗಮನಿಸಿ.

ಇಂಥ ಒಂದು ದಳವೇ ನರಗುಂದದ ಕೊನೆಯ ಕಥೆಯಲ್ಲಿಯೂ ಬರುತ್ತದೆ. ೧೮೫೮ರಲ್ಲಿ ಬಾಬಾಸಾಹೇಬನೆಂದು ಹೆಸರಾದ ಭಾಸ್ಕರರಾವ್ ಭಾವೆ ಇಂಗ್ಲಿಷರ ವಿರುದ್ಧ ಎದ್ದನು. ದತ್ತುಪುತ್ರನಿಗೆ ಸಂಸ್ಥಾನ ಸಲ್ಲದೆಂಬ ಅನ್ಯಾಯ ಅವನ ಎದೆಯನ್ನು ಸುಟ್ಟಿತ್ತು. ಮೇ ೨೯ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ ತಿಂಗಳ ಮೊದಲಲ್ಲೇ ಕರ್ನಲ್ ಮಾಲ್ಕಮನು ಸದರ್ನ್ ಮರಾಠಾ ಹಾರ್ಸ್ ಎಂಬ ಅಶ್ವದಳದೊಡನೆ ನರಗುಂದಕ್ಕೆ ಬಂದನು. ಬಯಲಿಗಿಳಿದ ನರಗುಂದದವರು ಚದುರಿದರು; ಕೋಟೆ ಬಿತ್ತು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.

ಬಾಬಾಸಾಹೇಬನ ಧೈರ್ಯವನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಎದುರು ಪಕ್ಷದ ಸವಾರನ ವಿಷಯ ಯಾರೂ ಕೇಳುವುದಿಲ್ಲ. ನಮ್ಮವರ ಮೇಲೆ ನಮ್ಮವರನ್ನೇ ಏರಿಸಿದರಲ್ಲ ಎಂದು ನಿಟ್ಟುಸಿರಿಡುತ್ತೇವೆ. ಆ ಪದ್ಧತಿಯೊಳಗೇ ಒಂದು ಉರುಳಿತ್ತೆಂಬುದನ್ನು ಮರೆಯಬಾರದು. ತನ್ನ ಹಣವನ್ನೆಲ್ಲ ಆಸಾಮಿಗೆ ತುಂಬಿದವನು ನೌಕರಿ ಬಿಟ್ಟು ಓಡಿದರೆ ಆ ಹಣವೂ ಹೋಯಿತು, ಬಾಳೂ ಹೋಯಿತು. ಸರಕಾರ ಸವಾರನನ್ನು ಕಟ್ಟಿಹಾಕಿದ್ದು ಬೇಡಿಯಿಂದಲ್ಲ, ಅವನ ಸ್ವಂತ ಬಂಡವಾಳದಿಂದ.

ಈ ಏರ್ಪಾಡು ಕೊನೆಗೆ ತನ್ನ ಲೆಕ್ಕದಲ್ಲಿಯೇ ಸೋತಿತು. ೧೯೧೪ರಲ್ಲಿ ಮೊದಲ ಮಹಾಯುದ್ಧ ತೊಡಗಿ ಅಶ್ವದಳಗಳು ಹಡಗೇರಿ ದೂರ ದೇಶಗಳಿಗೆ ಹೋದಾಗ, ಕುದುರೆಗಳು ಸಾಯುವ ವೇಗಕ್ಕೆ ಸವಾರರ ಚಂದಾ ಸಾಕಾಗಲಿಲ್ಲ. ಊರಿನ ಸಂತೆಯಲ್ಲಿ ಕುದುರೆ ಕೊಂಡು ತರುವ ಮಾತು ಪರದೇಶದಲ್ಲಿ ನಡೆಯದು. ಸರಕಾರವೇ ಕುದುರೆ ಒದಗಿಸಬೇಕಾಯಿತು. ೧೯೨೧ರ ಪುನರ್ರಚನೆಯಲ್ಲಿ ೩೯ ಅಶ್ವದಳಗಳು ೨೧ಕ್ಕೆ ಇಳಿದವು. ಶಿಲೇದಾರಿ ಪದ್ಧತಿ ಅಲ್ಲಿಗೆ ಮುಗಿಯಿತು.

ದಂಡಿನ ಕುದುರೆ ಮೈದಾನದ ಕುದುರೆಯಾದ ಬಗೆಯನ್ನು ನೋಡಬೇಕಾದರೆ ದಕ್ಷಿಣಕ್ಕೆ, ಮೈಸೂರು ಸೀಮೆಗೆ ಹೋಗಬೇಕು. ಅಲ್ಲಿಯೂ ಸಿಲ್ಲೇದಾರರಿದ್ದರು. ೧೮೦೭ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು ೪,೦೦೦ ಕುದುರೆಗಳ ದಳವನ್ನು ಸಿದ್ಧವಾಗಿಡಬೇಕಾಗಿತ್ತು. ಅದರ ಬಹುಭಾಗ ಸಿಲ್ಲೇದಾರರದೇ. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಸಾಕುತ್ತಿದ್ದ ಕುಣಿಗಲ್ಲಿನ ಫಾರಮ್ಮು ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ೧೮೯೧ರಲ್ಲಿ ಮೈಸೂರು ರೇಸ್ ಕ್ಲಬ್ಬು ಹುಟ್ಟಿತು. ಕಾಳಗದ ಪಾಲು ಹೋಗಿ ಆಟದ ಪಾಲು ಬಂತು.

ಇಂದಿನ ಸಿಂಡಿಕೇಟಿನ ಪಾಲುದಾರನು ಹಿಂದಿನ ಆಸಾಮಿದಾರನ ಮೊಮ್ಮಗನಂತೆ. ಕುದುರೆಯನ್ನು ಏರುವವನು ಅವನಲ್ಲ, ಜಾಕಿ. ಅವನೇ ಇಂದಿನ ಬಾರಗೀರ. ಪಳಗಿಸುವವನ ಸಂಬಳ, ಮೇವು, ವೈದ್ಯ, ಲಾಳ ಎಂದು ತಿಂಗಳು ತಿಂಗಳು ಬರುವ ಖರ್ಚನ್ನು ಪಾಲಿನಂತೆ ಹಂಚಿಕೊಡಬೇಕು. ಅದು ಹೊಸ ಚಂದಾ. ಕುದುರೆ ಗೆದ್ದರೆ ಬಹುಮಾನದ ಹಣವೂ ಪಾಲಿನಂತೆಯೇ. ಪಣ ಕಟ್ಟುವವನ ಸಂಬಂಧ ಕೆಲವು ನಿಮಿಷಗಳದು. ಪಾಲುದಾರನ ಸಂಬಂಧ ವರುಷಗಳದು. ಮುಂಜಾನೆಯ ಓಟದಲ್ಲಿ ಕಾಲಿನ ನರ ಊದಿಕೊಂಡಿತೆಂಬ ಸುದ್ದಿ ಬಂದರೆ ಅವನಿಗೆ ಊಟ ರುಚಿಸದು. ಬಹುಪಾಲು ಕುದುರೆಗಳು ತಮ್ಮ ಖರ್ಚನ್ನು ತಾವು ಗಳಿಸುವುದಿಲ್ಲವೆಂದು ಗೊತ್ತಿದ್ದೂ ಅವನು ಪಾಲನ್ನು ಬಿಡನು. ‘ನಮ್ಮ ಕುದುರೆ’ ಎಂಬ ಎರಡು ಮಾತಿನಲ್ಲಿ ಏನೋ ಒಂದು ಸುಖವಿದೆ.

ಒಂದು ಭೇದವನ್ನು ಮಾತ್ರ ನಾವು ಗುರುತಿಸಬೇಕು. ಶಿಲೇದಾರನ ಬದುಕು ಕುದುರೆಯ ಬದುಕಿಗೆ ಗಂಟುಬಿದ್ದಿತ್ತು. ಅದು ಕುಂಟಿದರೆ ಅವನೂ ಕುಂಟಿದಂತೆ. ಆ ಕಾರಣದಿಂದಲೇ, ತಾನು ಹಸಿದರೂ ಅದಕ್ಕೆ ಹುರುಳಿ ತಿನ್ನಿಸುವ ಹಂಗು ಅವನಿಗಿತ್ತು. ಇಂದಿನ ಪಾಲುದಾರನು ಹತ್ತರಲ್ಲೊಂದು ಪಾಲು ಕಳೆದುಕೊಂಡರೆ ಅವನ ಮನೆಯ ಒಲೆ ಆರುವುದಿಲ್ಲ. ಪಾಲು ಸಣ್ಣದಾದಂತೆ ನಷ್ಟ ಹಗುರವಾಗುತ್ತದೆ, ಅದು ಒಳ್ಳೆಯದೇ. ಆದರೆ ನಷ್ಟದ ಜೊತೆಗೆ ಹೊಣೆಯೂ ಹಗುರವಾಗಬಾರದು. ಪಂದ್ಯದ ಕುದುರೆ ಓಡುವುದು ಕೆಲವೇ ವರುಷ; ಬದುಕುವುದು ಇಪ್ಪತ್ತು, ಇಪ್ಪತ್ತೈದು ವರುಷ. ಓಟ ನಿಂತ ಮೇಲೆ ಅದು ಯಾರ ಪಾಲು?

ಯಾರಾದರೂ ನಿಮ್ಮ ಬಳಿಗೆ ಬಂದು ಒಂದು ಕುದುರೆಯಲ್ಲಿ ಪಾಲು ಕೊಳ್ಳಿರೆಂದರೆ, ಎಷ್ಟು ಗೆದ್ದೀತು ಎಂದು ಮೊದಲು ಕೇಳಬೇಡಿ. ಸತ್ತರೆ ಯಾರ ನಷ್ಟ, ಕುಂಟಾದರೆ ಯಾರ ಹೊಣೆ, ಮುದಿಯಾದರೆ ಯಾರ ಮೇವು ಎಂದು ಕೇಳಿ. ನೂರಾರು ಸವಾರರು ತಮ್ಮ ಬಡ ಸಂಬಳದಿಂದ ಚಂದಾ ಕೂಡಿಸುವಾಗ ಎದುರಿಟ್ಟುಕೊಂಡಿದ್ದದ್ದು ಇಂಥದೇ ಪ್ರಶ್ನೆಯನ್ನು. ಅದಕ್ಕೆ ನೇರವಾದ ಉತ್ತರ ಕೊಡಬಲ್ಲ ಒಡೆಯನೇ ನಿಜವಾಗಿ ಗಟ್ಟಿ ಆಸಾಮಿ.