ಸುರುಳಿ ಬಿಚ್ಚಿದ ನದಿ

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ವಾರ್ತೆ ಇಂಗ್ಲೆಂಡನ್ನು ಮುಟ್ಟಿದ ಮೇಲೆ, ಈ ದೇಶದ ನೆಲವನ್ನು ಮೆಟ್ಟಿಯೇ ಇರದ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಆ ಲಗ್ಗೆಯ ದೃಶ್ಯವನ್ನು ಸುಮಾರು 120 ಅಡಿ ಉದ್ದದ ಪಟದ ಮೇಲೆ ಕೆಲವೇ ವಾರಗಳಲ್ಲಿ ಬರೆದು, ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ಅರ್ಧವರ್ತುಲಾಕಾರವಾಗಿ ನಿಲ್ಲಿಸಿ ಪ್ರದರ್ಶಿಸಿದನು. ಕಾವೇರಿಯ ದಡದ ರಕ್ತಪಾತವು ಥೇಮ್ಸ್ ತೀರದವರಿಗೆ ಕಾಸು ಕೊಟ್ಟು ನೋಡುವ ವಿನೋದವಾಯಿತೆಂಬುದು ನಮಗೆ ಅಷ್ಟೇನೂ ಹಿತವಾದ ನೆನಪಲ್ಲ. ಆದರೆ ಆ ಕಾಲದ ಅಭಿರುಚಿಯೇ ಅಂಥದು. ರಾಬರ್ಟ್ ಬಾರ್ಕರನು 1787ರಲ್ಲಿ ಹಕ್ಕುಪತ್ರ ಪಡೆದು, 1793ರಲ್ಲಿ ಲೆಸ್ಟರ್ ಚೌಕದಲ್ಲಿ ಗುಂಡು ಭವನವನ್ನೇ ಕಟ್ಟಿಸಿ ಮೆರೆಸಿದ, ನೋಡುವವನನ್ನು ಸುತ್ತುವರಿಯುವ ಚಿತ್ರವಾದ ಪನೋರಮಾದ ಹುಚ್ಚು ಆಗ ತುಂಬು ಪ್ರಾಯದಲ್ಲಿದ್ದಿತು. ಆ ಚಿತ್ರಗಳೆಲ್ಲ ನಿಂತಲ್ಲೇ ನಿಂತವು; ಕತ್ತು ತಿರುಗಿಸುವ ಶ್ರಮ ನೋಡುವವನದು. ಪ್ರೇಕ್ಷಕನನ್ನು ಪೀಠದ ಮೇಲೆ ಕುಳ್ಳಿರಿಸಿ ಚಿತ್ರವನ್ನೇ ಅವನ ಮುಂದೆ ಸರಿಸಿದರೇನೆಂಬ ಆಲೋಚನೆಯು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಒಂದು ದೊಡ್ಡ ಕಸುಬಾಗಿ ಬೆಳೆಯಿತು.

ಅದರ ಸಲಕರಣೆ ಹೇಳುವುದಕ್ಕೆ ಸುಲಭ. ರಂಗಸ್ಥಳದ ಎರಡು ಕಡೆಗಳಲ್ಲೂ ಜನರ ಕಣ್ಣಿಗೆ ಬೀಳದಂತೆ ಆಳೆತ್ತರವನ್ನು ಮೀರಿದ ಎರಡು ಮರದ ಉರುಳೆಗಳನ್ನು ನೆಟ್ಟಗೆ ನಿಲ್ಲಿಸಿ, ಒಂದಕ್ಕೆ ಸುತ್ತಿದ ಪಟವನ್ನು ಮತ್ತೊಂದಕ್ಕೆ ಸುತ್ತಿಕೊಳ್ಳುತ್ತ ಹೋದರೆ, ನಡುವಣ ಚೌಕಟ್ಟಿನಲ್ಲಿ ಊರು, ಕಾಡು, ನದಿಗಳು ಒಂದರ ಹಿಂದೊಂದು ಹಾದುಹೋಗುವುವು. ಮಾಡಿ ನೋಡಿದವರಿಗೆ ಗೊತ್ತು, ಕಷ್ಟವಿದ್ದುದು ಬೇರೆ ಕಡೆ. ಬಣ್ಣ ಕುಡಿದು ಭಾರವಾದ ಪಟವು ಉರುಳೆಗಳ ನಡುವೆ, ಗೂಟಗಳಿಗೆ ಕಟ್ಟಿ ಒಣಹಾಕಿದ ಒದ್ದೆ ಸೀರೆಯಂತೆ ಜೋತುಬಿದ್ದು, ದಿಗಂತವೇ ಬಾಗಿದಂತೆ ತೋರುತ್ತಿದ್ದಿತು. ಆದುದರಿಂದ ಪಟದ ಮೇಲಂಚನ್ನು ಉದ್ದಕ್ಕೂ ಹಿಡಿದೆತ್ತಿ, ಆದರೂ ಸರಾಗವಾಗಿ ಸರಿಯಗೊಡುವ ಉಪಾಯವನ್ನು ಕಂಡುಹಿಡಿಯಬೇಕಾಯಿತು. ಇನ್ನು ಹಿಡಿ ತಿರುಗಿಸುವವನ ಕೈ: ಅದು ತುಸು ಚುರುಕಾದರೆ ಉಪನ್ಯಾಸಕನು ಹಿಂದಿನ ಊರಿನಲ್ಲೇ ಉಳಿದನು, ನಿಧಾನವಾದರೆ ಸಭೆ ಆಕಳಿಸಿತು. ನನ್ನ ಮಟ್ಟಿಗೆ, ಈ ಕಲೆಯ ಯಶಸ್ಸಿನ ಮುಕ್ಕಾಲು ಪಾಲು ಕುಂಚಕ್ಕಿಂತ ಆ ಹಿಡಿಗೇ ಸಲ್ಲತಕ್ಕದ್ದು.

ಜಾನ್ ಬ್ಯಾನ್‌ವರ್ಡನ ವೃತ್ತಾಂತವನ್ನು ನೋಡಿದರೆ ಇದು ಸ್ಪಷ್ಟವಾಗುವುದು. 1815ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತನು 1840ರ ಸುಮಾರಿಗೆ ಚಿಕ್ಕದೊಂದು ದೋಣಿಯಲ್ಲಿ ಮಿಸಿಸಿಪಿ ನದಿಯುದ್ದಕ್ಕೂ ಅಲೆದು ದಡಗಳ ರೇಖಾಚಿತ್ರಗಳನ್ನು ಬರೆದುಕೊಂಡು, ಲೂಯಿವಿಲ್ ನಗರದಲ್ಲಿ ಅವನ್ನೆಲ್ಲ ಹನ್ನೆರಡಡಿ ಎತ್ತರದ ಒಂದೇ ಪಟಕ್ಕೆ ಇಳಿಸಿದನು. 1846ರಲ್ಲಿ ಅಲ್ಲಿಯೇ ಮೊದಲ ಪ್ರದರ್ಶನ. ಆ ಸಂಜೆ ಒಬ್ಬರೂ ಬಾರದಿರಲು, ಮರುದಿನ ಅವನು ದೋಣಿಕಟ್ಟೆಗೆ ಹೋಗಿ ನಾವಿಕರಿಗೆ ಪುಕ್ಕಟೆ ಟಿಕೆಟ್ಟುಗಳನ್ನು ಹಂಚಿದನೆಂದೂ, ದಿನವೂ ತಾವು ಕಾಣುವ ತಿರುವುಗಳನ್ನೂ ಮರಳುದಿಬ್ಬಗಳನ್ನೂ ಪಟದ ಮೇಲೆ ಗುರುತಿಸಿದ ಆ ಮಂದಿಯೇ ಊರಿಗೆಲ್ಲ ಡಂಗುರ ಹೊಡೆದರೆಂದೂ ಕಥೆಯಿದೆ. ಜಾಹೀರಾತಿನಲ್ಲಿ ಅದು ಮೂರು ಮೈಲಿ ಉದ್ದದ ಚಿತ್ರ; ನಿಜದಲ್ಲಿ ಅರ್ಧ ಮೈಲಿಯನ್ನೂ ಮುಟ್ಟಿರಲಾರದು. ಕಲೆಯ ದೃಷ್ಟಿಯಿಂದ ಅವನು ಎರಡನೆಯ ದರ್ಜೆಯವನೆಂದರೆ ಅನ್ಯಾಯವಾಗದು. ಆದರೂ ಪಟ ಸರಿದಂತೆ ಪಿಯಾನೋ ನುಡಿಯುತ್ತ, ಪಕ್ಕದಲ್ಲಿ ಅವನೇ ನಿಂತು ನದಿಗಳ್ಳರ ಕಥೆಗಳನ್ನು ಹೇಳುತ್ತಿದ್ದಾಗ, ಬಾಸ್ಟನ್ನಿನಲ್ಲಿ ‘ಇವ್ಯಾಂಜಲೀನ್’ ಕಾವ್ಯವನ್ನು ರಚಿಸುತ್ತಿದ್ದ ಲಾಂಗ್‌ಫೆಲೋ ಕವಿಯೂ, 1849ರಲ್ಲಿ ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯೂ ಕುಳಿತು ನೋಡಿದರು. ಒಂದು ಆಟದಲ್ಲಿ ಪ್ರವಾಹದೊಡನೆ ಇಳಿದರೆ ಮುಂದಿನ ಆಟದಲ್ಲಿ ಪ್ರವಾಹಕ್ಕೆದುರಾಗಿ ಏರುವುದು ವಾಡಿಕೆ. ಸುರುಳಿಯನ್ನು ಮತ್ತೆ ಹಿಂದಕ್ಕೆ ಸುತ್ತುವ ಕೆಲಸ ಹೀಗೆ ತಪ್ಪುತ್ತಿದ್ದಿತು.

ವಿನೋದವೊಂದೇ ಇದರ ಪ್ರಯೋಜನವಾಗಿರಲಿಲ್ಲ. 1849ರಲ್ಲಿ ಮರದ ಪೆಟ್ಟಿಗೆಯೊಂದರಲ್ಲಿ ಅಡಗಿ, ತನ್ನನ್ನೇ ಸರಕಿನಂತೆ ರಿಚ್ಮಂಡಿನಿಂದ ಫಿಲಡೆಲ್ಫಿಯಕ್ಕೆ ರವಾನಿಸಿಕೊಂಡು ದಾಸ್ಯದಿಂದ ಪಾರಾದ ಹೆನ್ರಿ ಬಾಕ್ಸ್ ಬ್ರೌನನು ಮರುವರ್ಷವೇ ಗುಲಾಮಗಿರಿಯ ಘೋರದೃಶ್ಯಗಳ ಸರಿಯುವ ಪಟವೊಂದನ್ನು ಸಿದ್ಧಪಡಿಸಿ, ಮೊದಲು ಬಾಸ್ಟನ್ನಿನಲ್ಲಿಯೂ ಅನಂತರ ಇಂಗ್ಲೆಂಡಿನಲ್ಲಿಯೂ ತೋರಿಸಿದನು. ಅದೇ 1850ರಲ್ಲಿ ಲಂಡನ್ನಿನವರು, ಸೌತಾಂಪ್ಟನ್ನಿನಿಂದ ಕಲ್ಕತ್ತೆಯವರೆಗಿನ ಟಪ್ಪಾಲುಮಾರ್ಗವನ್ನು ಇಂಥದೇ ಪಟದ ಮೇಲೆ ಒಂದು ಸಂಜೆಯಲ್ಲಿ ಕ್ರಮಿಸುತ್ತಿದ್ದರು.

ಈ ವಿದ್ಯೆ ತನ್ನ ಪರಾಕಾಷ್ಠೆಯನ್ನು ಮುಟ್ಟಿದುದು 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ. ಸೈಬೀರಿಯದ ರೈಲುಪಯಣವನ್ನು ತೋರಿಸಲು ನಿಲ್ಲಿಸಿದ್ದ ನಿಜವಾದ ಗಾಡಿಗಳ ಕಿಟಕಿಯಾಚೆ ಒಂದಲ್ಲ, ನಾಲ್ಕು ಪದರಗಳು ಸರಿಯುತ್ತಿದ್ದುವು: ತೀರ ಹತ್ತಿರದ ಮರಳು, ಬಂಡೆಗಳು ನಿಮಿಷಕ್ಕೆ 300 ಮೀಟರು, ಅದರಾಚೆಯ ಪೊದೆಗಳು 120, ಇನ್ನೂ ದೂರದ ನೋಟ 40, ಹಿನ್ನೆಲೆಯ ಪರ್ವತಗಳು ಕೇವಲ 5. ಹತ್ತಿರದ್ದು ಓಡಬೇಕು, ದೂರದ್ದು ತೆವಳಬೇಕು ಎಂಬ ರೈಲುಪ್ರಯಾಣಿಕನ ನಿತ್ಯಾನುಭವವನ್ನು ಯಂತ್ರಕ್ಕೆ ಕಲಿಸಿದ ಈ ಚಾತುರ್ಯಕ್ಕೆ ಯಾರಾದರೂ ತಲೆದೂಗಬೇಕು. ವಿಧಿಯ ಕುಚೋದ್ಯವೆಂದರೆ, ಅದೇ ಪ್ರದರ್ಶನದಲ್ಲಿ ಲ್ಯೂಮಿಯೇರ್ ಸಹೋದರರ ಭಾರಿ ಸಿನಿಮಾ ತೆರೆಯೂ ಇದ್ದಿತು.

ಬ್ಯಾನ್‌ವರ್ಡನು ಸಂಪಾದನೆಯನ್ನೆಲ್ಲ ಕಳೆದುಕೊಂಡು 1891ರಲ್ಲಿ ದಕ್ಷಿಣ ಡಕೋಟದಲ್ಲಿ ತೀರಿಕೊಂಡನು; ಅವನ ಪಟದ ತುಂಡುಗಳು ನಾಟಕದ ಹಿನ್ನೆಲೆ ಪರದೆಗಳಾದುವೆಂದು ಪ್ರತೀತಿ. ಪರಿಂಗ್ಟನ್, ರಸೆಲ್ ಎಂಬಿಬ್ಬರು 1848ರಲ್ಲಿ ಬರೆದ ತಿಮಿಂಗಿಲಬೇಟೆಯ ಪಟದ 1,275 ಅಡಿ ಮಾತ್ರ ನ್ಯೂ ಬೆಡ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. 2018ರಲ್ಲಿ ಅದನ್ನು ಜನರಿಗೆ ತೋರಿಸಿದಾಗ, ಮತ್ತೆ ಉರುಳೆಗೆ ಸುತ್ತಿದರೆ ತಾಳಲಾರದಷ್ಟು ಜೀರ್ಣವಾಗಿದ್ದುದರಿಂದ ಹಳೆಯ ಗಿರಣಿಯೊಂದರಲ್ಲಿ ಉದ್ದಕ್ಕೂ ಹರಡಿ ನಿಲ್ಲಿಸಿ, ಸರಿಯುವುದನ್ನು ಕಾಣಬಯಸುವವರಿಗಾಗಿ ಅದರ ಡಿಜಿಟಲ್ ಪ್ರತಿಯೊಂದನ್ನು ತೆರೆಯ ಮೇಲೆ ಓಡಿಸಿದರು.