ಗಡಿ, ತಲೆಯೆಣಿಕೆ, ಸಂಬಳ: ಉಟ್ಕೂರ್ ಸೀಮೆಯ ಕನ್ನಡ ಶಿಕ್ಷಕರು

ಸರಕಾರಿ ಶಾಲೆಗಳು ಬರುವ ಮೊದಲು ಕನ್ನಡ ಸೀಮೆಯ ಗ್ರಾಮಶಾಲೆಗೆ ಕೂಲಿಮಠವೆಂಬ ಹೆಸರಿತ್ತು. ಅಯ್ಯನವರಿಗೆ ಸಲ್ಲುತ್ತಿದ್ದುದು ಸಂಬಳವಲ್ಲ, ಮಕ್ಕಳ ಮನೆಗಳಿಂದ ಬರುವ ಕಾಸು ಮತ್ತು ಕಾಳು. ಊರಿನ ದುಡಿಮೆ ಬತ್ತಿದರೆ ಮಠವೂ ಬತ್ತುತ್ತಿತ್ತು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ವರದಿಯಲ್ಲಿ ತನ್ನ ಜಿಲ್ಲೆಯ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕಕ್ಕೆ ತಂದನು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಶಾಲೆಗಳು ಕ್ಷೀಣಿಸಲು ಜನರ ಬಡತನ ಕಾರಣವೆಂದೂ, ನಾಡಬಟ್ಟೆಯ ಜಾಗಕ್ಕೆ ವಿಲಾಯತಿ ಸರಕು ಬಂದುದು ಆ ಬಡತನಕ್ಕೆ ಒಂದು ಕಾರಣವೆಂದೂ ಅವನು ಬರೆದನು. ನಿಜಾಮನ ಆಳ್ವಿಕೆಯಲ್ಲಿದ್ದ ಉಟ್ಕೂರ್ ಆ ಲೆಕ್ಕಕ್ಕೆ ಸೇರಿಲ್ಲ. ಆದರೆ ಅದರ ನೆರೆಯ ನಾರಾಯಣಪೇಟೆ ಮಗ್ಗದ ಊರು; ನೇಕಾರನ ಗಳಿಕೆಗೂ ಅಯ್ಯನವರ ಗಳಿಕೆಗೂ ಇದ್ದ ನಂಟು ಇಲ್ಲಿಗೂ ಅನ್ವಯಿಸುವಂಥದು.

ಹೈದರಾಬಾದ್ ಸಂಸ್ಥಾನದ ಶಾಲಾ ಇಲಾಖೆ ಬೆಳೆದಂತೆ ಕಾಳಿನ ಬದಲು ಖಜಾನೆಯ ನಗದು ಬಂತು. 1880ರ ದಶಕದಲ್ಲಿ ಉರ್ದು ಆಡಳಿತ ಭಾಷೆಯಾಯಿತು, 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹೆಚ್ಚಿನ ಸಂಬಳದ ಹುದ್ದೆಗೆ ಏರುವ ಮೆಟ್ಟಿಲು ಉರ್ದುವಿನದಾಗಿತ್ತು. ನಾಣ್ಯವೂ ಬೇರೆ: ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ತುಂಗಭದ್ರೆಯ ಆಚೆ ಮದರಾಸು ಪ್ರಾಂತದ ಶಿಕ್ಷಕನೊಬ್ಬನಿಗೆ ಅಂಕಿಯಲ್ಲಿ ಅಷ್ಟೇ ಸಂಬಳವಿದ್ದರೂ ಬೆಲೆಯಲ್ಲಿ ಅದು ಹೆಚ್ಚು.

1956ರ ನವೆಂಬರ್ 1ರಂದು ಸಂಸ್ಥಾನ ಒಡೆಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಗುಲ್ಬರ್ಗದ ಕೊಡಂಗಲ್ಲೂ ಮಹಬೂಬ್‌ನಗರಕ್ಕೆ ಸೇರಿ ಆಂಧ್ರಪ್ರದೇಶದ ಪಾಲಾದವು. ಮಕ್ತಲ್, ನಾರಾಯಣಪೇಟೆ, ಉಟ್ಕೂರ್ ಮೊದಲಿನಿಂದಲೂ ಮಹಬೂಬ್‌ನಗರದವೇ ಆಗಿದ್ದವು. ಒಂದೇ ಇಲಾಖೆಯಲ್ಲಿದ್ದ ಶಿಕ್ಷಕರು ಅಂದಿನಿಂದ ಎರಡು ಸರಕಾರಗಳ, ಎರಡು ವೇತನ ಆಯೋಗಗಳ ಅಧೀನರಾದರು. ಅಂತರ ಇಂದಿಗೂ ಕಾಣುತ್ತದೆ. ತೆಲಂಗಾಣವು 2015ರಲ್ಲಿ ಶೇ. 43, 2021ರಲ್ಲಿ ಶೇ. 30 ಫಿಟ್‌ಮೆಂಟ್ ಘೋಷಿಸಿತು. ಕರ್ನಾಟಕ 2024ರ ಆಗಸ್ಟ್‌ನಿಂದ ಶೇ. 27.5 ಕೊಟ್ಟಿತು. ಪರಿಷ್ಕರಣೆಯ ವರ್ಷಗಳು ಎಂದೂ ಹೊಂದುವುದಿಲ್ಲವಾದ್ದರಿಂದ ಯಾವ ಕಡೆಯವರು ಹೆಚ್ಚು ಪಡೆಯುತ್ತಾರೆಂಬ ಪ್ರಶ್ನೆಗೆ ಉತ್ತರ ಕೆಲವು ವರ್ಷಗಳಿಗೊಮ್ಮೆ ತಿರುಗಬಲ್ಲದು.

ತೆಲಂಗಾಣದೊಳಗೆ ಕನ್ನಡ ಕಲಿಸುವವರಿಗೆ ಬೇರೆ ವೇತನಶ್ರೇಣಿಯಿಲ್ಲ. ಸೆಕೆಂಡರಿ ಗ್ರೇಡ್ ಶಿಕ್ಷಕನ ಮೂಲವೇತನ ಯಾವ ಮಾಧ್ಯಮದಲ್ಲೂ 2015ರ ಶ್ರೇಣಿಯಂತೆ 21,230 ರೂ., 2021ರಲ್ಲಿ ಜಾರಿಗೆ ಬಂದ ಶ್ರೇಣಿಯಂತೆ 31,040 ರೂ.ಗಳಿಂದ ಆರಂಭ. ಮನೆಬಾಡಿಗೆ ಭತ್ಯೆ ಹೈದರಾಬಾದಿನಲ್ಲಿ ಶೇ. 24, ಹಳ್ಳಿಯಲ್ಲಿ ಶೇ. 11; ಆ ನಷ್ಟ ಪಕ್ಕದ ತೆಲುಗು ಶಾಲೆಯವನಿಗೂ ಇದೆ. ವ್ಯತ್ಯಾಸವಿರುವುದು ಹುದ್ದೆಯ ಇರವಿನಲ್ಲಿ. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕನನ್ನು ನೇಮಿಸಬೇಕೆಂದಿತು; 1956ರಲ್ಲಿ ಸೇರಿದ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸೌಕರ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳಿತು. ರಕ್ಷಣೆಯೆಂದು ಬಂದ ಈ ಎಣಿಕೆ ಮಕ್ಕಳು ಕಡಿಮೆಯಾದಾಗ ತಿರುಗುಬಾಣವೂ ಆಗುತ್ತದೆ. 2022-23ರಿಂದ ಸರಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ ಕನ್ನಡ ತರಗತಿಯ ಎಣಿಕೆ ಕಾಯ್ದುಕೊಳ್ಳುವುದು ಮತ್ತಷ್ಟು ಕಠಿನ. ಹುದ್ದೆ ಖಾಲಿಯಿದ್ದಲ್ಲಿ ರಾಜ್ಯದ ಶಾಲೆಗಳಲ್ಲಿ ವಿದ್ಯಾ ವಾಲಂಟಿಯರ್ ದುಡಿದುದುಂಟು. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ಆತನ ಗೌರವಧನ ತಿಂಗಳಿಗೆ 12,000 ರೂ. ಪಾಠ ಅದೇ, ಕರಿಹಲಗೆ ಅದೇ.

ಅರ್ಹತೆ ಪಡೆಯುವವರ ಹಾದಿಯೂ ಇಕ್ಕಟ್ಟಾದುದು. 371ಡಿ ವಿಧಿಯಡಿ ಬಂದ 1975ರ ರಾಷ್ಟ್ರಪತಿ ಆದೇಶ ಶಿಕ್ಷಕ ಹುದ್ದೆಗಳಲ್ಲಿ ಬಹುಪಾಲನ್ನು ಜಿಲ್ಲೆಯ ಸ್ಥಳೀಯರಿಗೆ ಮೀಸಲಿಟ್ಟಿತು. 2018ರ ಆದೇಶ ಆ ಪಾಲನ್ನು ಶೇ. 95ಕ್ಕೆ ಏರಿಸಿತು. ರಾಯಚೂರು, ಯಾದಗಿರಿಗಳಲ್ಲಿ ಕನ್ನಡದಲ್ಲೇ ಓದಿ ತರಬೇತಿ ಪಡೆದವನು ಇಲ್ಲಿ ಪರಸ್ಥಳದವನು. ಹಿಂದಿನ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಿಗೆಂದು 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದಾಗ ಅದರ ಮೇರೆಯನ್ನು ಕರ್ನಾಟಕದ ಗಡಿಯೊಳಗೇ ಎಳೆಯಲಾಯಿತು. ಅದೇ ಸಂಸ್ಥಾನದ ಪ್ರಜೆಗಳಾಗಿದ್ದವರ ಮೊಮ್ಮಕ್ಕಳು ಉಟ್ಕೂರಿನಲ್ಲಿ ಹುಟ್ಟಿ ಬೆಳೆದರೆ ರಾಯಚೂರಿನ ಶಿಕ್ಷಕ ಹುದ್ದೆಗೆ ಅವರು ಸ್ಥಳೀಯರಲ್ಲ.