ಮರ ಕಾಯಿ ಬಿಟ್ಟಿತು

ಲಕ್ಷ್ಮೀಪುರಂನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಬಾದಾಮಿ ಮಾವಿನ ಮರವಿತ್ತು. ಒಂದು ವರ್ಷ ಅದು ಹೂವನ್ನೇ ಬಿಡಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದಿದ್ದ ನೆರೆಮನೆಯಾಕೆಯೊಬ್ಬರು ಕಿಟಕಿಯಿಂದ ಇಣುಕಿ, "ಗೊಡ್ಡು ಮರ, ಕಡಿಸಿಬಿಡಿ" ಎಂದರು. ತಾಂಬೂಲದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವರು ನಮ್ಮ ಸೋದರತ್ತೆ. ಅವರಿಗೆ ಮಕ್ಕಳಿರಲಿಲ್ಲ. ಆ ಮಾತು ಯಾರಿಗೆ ತಗುಲಿತೆಂಬುದು ಅಲ್ಲಿದ್ದವರಿಗೆಲ್ಲ ತಿಳಿಯಿತು, ಆಡಿದವರೊಬ್ಬರಿಗಲ್ಲದೆ. ಮರಕ್ಕೂ ಹಸುವಿಗೂ ಹೆಣ್ಣಿಗೂ ಒಂದೇ ಮಾತು ಸಲ್ಲುವುದು ಹೇಗೆಂದು ನಾನು ಯೋಚಿಸತೊಡಗಿದ್ದು ಅಂದಿನಿಂದ.

ಇಂಗ್ಲಿಷಿನ 'ಫ್ರೂಟ್' ಎಂಬ ಮಾತಿನ ಮೂಲ ಲ್ಯಾಟಿನ್ನಿನ 'ಫ್ರುಕ್ಟುಸ್'. ಅದು ಹುಟ್ಟಿದ್ದು ಅನುಭವಿಸು, ಸುಖಿಸು ಎಂಬ ಅರ್ಥದ ಕ್ರಿಯಾಪದದಿಂದ. ಹಣ್ಣೆಂದರೆ ಅನುಭವಿಸತಕ್ಕದ್ದು. ಪರರ ಸ್ವತ್ತನ್ನು ಕೆಡಿಸದೆ ಅದರ ಉತ್ಪತ್ತಿಯನ್ನು ಮಾತ್ರ ಉಣ್ಣುವ ಹಕ್ಕಿಗೆ ರೋಮನರ ಕಾನೂನಿನಲ್ಲಿ ಇದೇ ಮಾತು ಸೇರಿದ ಹೆಸರುಂಟು. ನಮ್ಮ ದಾನಶಾಸನಗಳ ಧೋರಣೆಯೂ ಇದಕ್ಕೆ ದೂರವಲ್ಲ. ಭೂಮಿ ಬಿಟ್ಟುಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳ ಸಹಿತ ಕೊಟ್ಟೆವೆಂದು ಕೆತ್ತಿಸುತ್ತಿದ್ದರು. ಈಗ ಕೈಗೆ ಬರುತ್ತಿರುವುದು ಸಿದ್ಧ, ಮುಂದೆ ಸಾಗುವಳಿಯಿಂದ ಬರಬಹುದಾದ್ದು ಸಾಧ್ಯ. ಇನ್ನೂ ಹುಟ್ಟದ ಬೆಳೆಗೂ ಆಗಲೇ ಒಡೆಯನಿದ್ದಾನೆ! ದಾನವನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಟ್ಟ ಫಲ, ಅಳಿದವನಿಗೆ ಅಷ್ಟನ್ನೂ ಕೊಂದ ಪಾಪ ಎಂದು ಎಷ್ಟೋ ಕಲ್ಲುಗಳು ಸಾರುತ್ತವೆ. ಅಲ್ಲಿ ಫಲವು ಮರವನ್ನು ಬಿಟ್ಟು ಪುಣ್ಯದ ಲೆಕ್ಕಕ್ಕೆ ಸೇರಿಹೋಯಿತು.

ಪಾಣಿನೀಯ ಧಾತುಪಾಠದಲ್ಲಿ 'ಫಲ' ಧಾತುವಿಗೆ ಎರಡು ಅರ್ಥಗಳಿವೆ: ಒಂದು ನಿಷ್ಪತ್ತಿ, ಎಂದರೆ ಕೈಗೂಡುವುದು, ಇನ್ನೊಂದು ವಿಶರಣ, ಎಂದರೆ ಬಿರಿಯುವುದು. ಇದು ನಮ್ಮ ಪಣ್, ತಮಿಳಿನ ಪಳಂಗಳ ಕಡೆಯಿಂದ ಸಂಸ್ಕೃತಕ್ಕೆ ಹೋದ ಮಾತೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ, ಎಲ್ಲರೂ ಒಪ್ಪಿಲ್ಲ. ಫಸಲಿನ ಕಥೆ ಸರಳ. ಅರಬ್ಬಿಯಲ್ಲಿ ಅದಕ್ಕೆ ವಿಭಾಗ, ಋತು ಎಂಬ ಅರ್ಥ. ನಮ್ಮಲ್ಲಿಗೆ ಬಂದು ಬೆಳೆಯಾಯಿತು. ಹೈದರಾಬಾದು ಸೀಮೆಯ ಕಂದಾಯದ ಕಾಗದಗಳಲ್ಲಿ ಕಾಣುವ ಫಸಲಿ ವರ್ಷ ಇದರ ಮಗುವೇ.

ಉಣ್ಣುವವನನ್ನು ಬಿಟ್ಟು ಬೆಳೆಯುವವನ ಬಳಿಗೆ ಬಂದರೆ ಮಾತಿನ ರೀತಿಯೇ ಬೇರೆ. ಭತ್ತದ ತೆನೆ ಇನ್ನೂ ಸುಳಿಯೊಳಗೆ ಅಡಗಿರುವಾಗ ನಮ್ಮ ರೈತ 'ಹೊಡೆ'ಯಾಗಿದೆ ಎನ್ನುತ್ತಾನೆ. ಹಳಗನ್ನಡದಲ್ಲಿ ಪೊಡೆ ಎಂದರೆ ಹೊಟ್ಟೆ. ತೆಲುಗರೂ ಆ ಹದಕ್ಕೆ 'ಪೊಟ್ಟ' ಎಂದೇ ಹೇಳುತ್ತಾರೆ. ತಮಿಳಿನಲ್ಲಿ ಪೈರು 'ಸೂಲ್' ಕೊಳ್ಳುತ್ತದೆ, ಮಳೆಯ ಮೋಡವೂ ಸೂಲ್ ಕೊಳ್ಳುತ್ತದೆ. ನಮ್ಮಲ್ಲಿ ಆ ಮಾತು ಹಸುವಿನ ಮೊದಲ ಸೂಲು, ಎರಡನೆಯ ಸೂಲು ಎಂಬಲ್ಲಿಯೂ, ಸೂಲಗಿತ್ತಿ ಎಂಬಲ್ಲಿಯೂ ಉಳಿದಿದೆ. ಹಸು ಕರು ಹಾಕುತ್ತದೆ, ಬಾಳೆ ಗೊನೆ ಹಾಕುತ್ತದೆ. ಮಲೆನಾಡಿನಲ್ಲಿ ಆಶ್ವಯುಜ ಹುಣ್ಣಿಮೆಯಂದು ಬಸುರಿ ಭೂಮಿತಾಯಿಗೆ ಬಯಕೆಯ ಅಡಿಗೆ ಮಾಡಿ ಗದ್ದೆಗೇ ಒಯ್ದು ಬಡಿಸುವುದುಂಟು. ಇಲ್ಲಿ ಯಾರೂ ಇಳುವರಿಯ ಲೆಕ್ಕ ಕೇಳುವುದಿಲ್ಲ. ಹೊತ್ತವಳಿಗೆ ಏನು ಬೇಕೆಂದು ಕೇಳುತ್ತಾರೆ.

ಹಾಗಾದರೆ ಗೊಡ್ಡು? ಅದೂ ಹಳೆಯ ದ್ರಾವಿಡ ಮಾತೇ, ತೆಲುಗಿನಲ್ಲಿಯೂ ಉಂಟು. ಹೊರುವವರ ಪಕ್ಕದಲ್ಲೇ ಬೆಳೆದ ಮಾತು ಉಣ್ಣುವವರ ಬಾಯಲ್ಲಿ ಬೈಗುಳಾಯಿತೆಂದು ನನ್ನ ಎಣಿಕೆ. ಕರು ಹಾಕದ ಹಸು ಗೊಡ್ಡು. ಅರ್ಥವಿಲ್ಲದ ಸಂಪ್ರದಾಯ ಗೊಡ್ಡು. ಬೇಳೆ ಹಾಕದ ಸಾರು ಗೊಡ್ಡುಸಾರು. (ಸಾರಿನ ಮಟ್ಟಿಗೆ ಇದು ಅನ್ಯಾಯ. ಜ್ವರ ಬಿಟ್ಟ ಬಾಯಿಗೆ ಅದಕ್ಕೆ ಸಮನಾದುದಿಲ್ಲ.) 'ಬಂಜೆ' ಸಂಸ್ಕೃತದ ವಂಧ್ಯೆಯಿಂದ ಬಂದದ್ದು. ಆದರೆ ಘಟ್ಟದ ಕೆಳಗಿನ ತುಳುವಿನಲ್ಲಿ 'ಬಂಜಿ' ಎಂದರೆ ಹೊಟ್ಟೆ, ಬಂಜಿನಾಳ್ ಎಂದರೆ ಬಸುರಿ! ಮೂಲಗಳು ಬೇರೆಯಾದರೂ ಕಿವಿಗೆ ಹತ್ತಿರವಾದ ಈ ಎರಡು ಮಾತುಗಳನ್ನು ಮಂಗಳೂರಿನಿಂದ ಮೈಸೂರಿಗೆ ಬಂದ ಸೊಸೆ ಒಂದೇ ದಿನ ಕೇಳಿದರೆ ಅವಳ ಪಾಡೇನು!

ಅದೇ ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕನ್ನಡದಲ್ಲಿ ಸಾಗುವಳಿ ನಿಲ್ಲಿಸಿದ ಹೊಲಕ್ಕೆ ಬೀಳು ಎನ್ನುತ್ತೇವೆ. ಬೀಳು ಬಿಟ್ಟ ನೆಲ ಸತ್ತ ನೆಲವಲ್ಲ, ಮಲಗಿದೆ, ಅಷ್ಟೆ.

ಇಂಗ್ಲಿಷಿನ ಮರ ಹಣ್ಣನ್ನು ಹೊರುತ್ತದೆ, ಹಿಂದಿಯ ಮರಕ್ಕೆ ಹಣ್ಣು ಹತ್ತುತ್ತದೆ. ತಮಿಳಿನಲ್ಲಿ ಕಾಯಿಯೇ ಕ್ರಿಯಾಪದವಾಗಿ ಮರ ಕಾಯ್ಕ್ಕುತ್ತದೆ. ನಮ್ಮ ಮರ ಮಾತ್ರ ಕಾಯಿಯನ್ನು ಬಿಡುತ್ತದೆ. ಹೂ ಬಿಟ್ಟಿತು, ಮಿಡಿ ಬಿಟ್ಟಿತು ಎನ್ನುವ ನಾವು ಕೆಲಸದ ನಡುವಿನ ವಿರಾಮಕ್ಕೂ ಅದೇ ಧಾತುವಿನಿಂದ ಬಿಡುವು ಎಂದೆವು. ಬಾದಾಮಿ ಮಾವಿನ ಗುಣವೂ ಹಾಗೆಯೇ. ಒಂದು ವರ್ಷ ತುಂಬ ಕಾಯಿ, ಮರುವರ್ಷ ಬಹುಮಟ್ಟಿಗೆ ಬರಿದು. ಹಿಂದಿನ ಫಸಲಿನಲ್ಲಿ ಸವೆದ ಸತ್ತ್ವವನ್ನು ಅದು ಮತ್ತೆ ಕೂಡಿಸಿಕೊಳ್ಳಬೇಕು.

ಅಂದು ಅತ್ತೆ ತಾಂಬೂಲದ ತಟ್ಟೆಯನ್ನು ನೆರೆಯಾಕೆಯ ಕೈಗಿತ್ತು, "ಹೋದ ವರ್ಷ ನಿಮ್ಮ ಮನೆಗೂ ಎರಡು ಬುಟ್ಟಿ ಕಳಿಸಿದ್ದೆವಲ್ಲಮ್ಮ. ಮರಕ್ಕೂ ಒಂದಿಷ್ಟು ಬಿಡುವು ಬೇಡವೇ?" ಎಂದರು. ಎಂದವರೇ ಒಳಗೆ ಕಾಫಿ ಬೆರೆಸಲು ಹೋದರು.